ಮೂವತ್ನಾಲ್ಕರಲ್ಲಿ ನಿಂತ ಬಿಯರ್

"ಕೊಂದುಬಿಟ್ಟ! ಬರ್ನಿ, ಅವನು ಇದನ್ನ ಕೊಂದೇಬಿಟ್ಟ!"

ನೆಲಮಾಳಿಗೆಯಿಂದ ಗಂಡನ ಕೂಗು ಬಂದಾಗ ಬರ್ನಡೀನ್ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಸಾಮಾನಿನ ಪಟ್ಟಿಗೆ 'ಬೆಣ್ಣೆ, ಎರಡು ಪೌಂಡ್' ಎಂದು ಸೇರಿಸುತ್ತಿದ್ದಳು. ಕಾಗದ ತೀರಾ ನುಣುಪು, ಪೆನ್ನು ಜಾರುತ್ತಿತ್ತು. ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಅವಳು ಮೆಟ್ಟಿಲಿಳಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಎರ್ವಿನ್ ಹೀಗೆ ಕೂಗಿದ್ದು ಎರಡೇ ಸಲ. ಒಮ್ಮೆ ಅಂಚೆ ಹಂಚುವಾಗ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡಾಗ, ಇನ್ನೊಮ್ಮೆ ಮಗಳು ಮಾರ್ಸಿ ಹುಟ್ಟಿದಾಗ.

ಕೆಳಗೆ ಹೆಣವೇನೂ ಇರಲಿಲ್ಲ. ಕೆಳಗಿದ್ದದ್ದು ಗಂಡ ಮತ್ತು ಬಿಯರ್.

ಎರ್ವಿನ್ ಮೋಟು ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಐದು ಗ್ಯಾಲನ್ನಿನ ಗಾಜಿನ ಬುಡ್ಡಿ. ಅದಕ್ಕೆ ಬರ್ನಡೀನಳ ವಿದ್ಯುತ್ ಕಂಬಳಿ ಹೊದಿಸಿತ್ತು. ಎರಡು ವಾರದಿಂದ ಆ ಕಂಬಳಿ ಬಿಯರಿನದು. ಅವಳು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದಳು. ಎರ್ವಿನ್ ಕೈಯಲ್ಲಿ ಅವನ ಪ್ರೀತಿಯ ದುರ್ಬೀನು. ಅದು ನಿಜವಾದ ದುರ್ಬೀನಲ್ಲ. ಗೇಣುದ್ದದ ಕೊಳವೆ. ಅದರ ತುದಿಯ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಹನಿಯಲ್ಲಿ ಎಷ್ಟು ಸಕ್ಕರೆಯಿದೆಯೆಂದು ಅಂಕಿ ತೋರಿಸುತ್ತದೆ. ಮಾರ್ಸಿಯನ್ನು ಮದುವೆಯಾಗಲಿರುವ ಡೆಸ್ಮಂಡ್ ಕ್ರಿಸ್‌ಮಸ್ಸಿಗೆ ಕೊಟ್ಟ ಉಡುಗೊರೆ.

"ಮೂವತ್ನಾಲ್ಕು," ಎಂದ ಎರ್ವಿನ್. "ಮೂರು ವಾರದಿಂದ ಮೂವತ್ನಾಲ್ಕು. ಎಪ್ಪತ್ತರಿಂದ ಶುರುವಾಗಿ ಹದಿನಾಲ್ಕಕ್ಕೆ ಇಳೀಬೇಕಿತ್ತು. ಅರ್ಧ ದಾರೀಲಿ ನಿಂತು ಸತ್ತೋಯ್ತು."

"ಯೀಸ್ಟ್ ಇನ್ನೊಂದು ಸಲ ಹಾಕಿ ನೋಡಿದ್ಯಾ?"

"ಎರಡು ಸಲ ಹಾಕಿದೆ. ಬುಡ್ಡಿ ಅಲ್ಲಾಡಿಸಿದೆ. ಬಿಸಿ ಮಾಡಿದೆ. ಒಂದು ಗುಳ್ಳೆ ಬರಲಿಲ್ಲ. ಹೀಗೇ ಬಾಟಲಿಗೆ ತುಂಬಿದರೆ ಒಳಗೆ ಉಳಿದ ಸಕ್ಕರೆ ಯಾವತ್ತೋ ಒಂದಿನ ಹುದುಗಿ ಬಾಟಲಿ ಸಿಡಿಯುತ್ತೆ. ಮದುವೆ ಮನೇಲಿ ಗಾಜಿನ ಚೂರು ಹಂಚಲಾ?"

ಮದುವೆಗೆ ಮೂರು ವಾರ ಉಳಿದಿತ್ತು. ಬಾಟಲಿ ತುಂಬಿದ ಮೇಲೆ ಬಿಯರಿಗೆ ನೊರೆ ಕೂಡಲು ಬೇಕಾದದ್ದೂ ಮೂರು ವಾರವೇ. ಅಂದರೆ ನಾಳೆ ಶನಿವಾರವೇ ಕೊನೆಯ ದಿನ. ಮಗಳ ಮದುವೆಗೆ ತನ್ನ ಕೈಯಾರೆ ಮಾಡಿದ ಬಿಯರ್ ಹಂಚುತ್ತೇನೆಂದು ಎರ್ವಿನ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಮೂವತ್ತು ವರ್ಷ ಮನೆಮನೆ ಬಾಗಿಲು ತಟ್ಟಿದ ಅಂಚೆಯವನು ಊರಿಗೆಲ್ಲ ಎಂದರೆ ಊರಿಗೆಲ್ಲವೇ.

"ಕೊಂದಿದ್ದು ಯಾರು ಅಂದೆ?"

"ಇನ್ಯಾರು? ಕ್ಲೆಮ್!"

ಕ್ಲೆಮ್ ಅವಳ ತಂಗಿ ಲೂಸಿಲ್‌ಳ ಗಂಡ. ಪ್ರತಿ ವರ್ಷ ಈಸ್ಟರ್ ಉಪವಾಸ ಶುರುವಾಗುವ ಬೂದಿ ಬುಧವಾರದ ಹಿಂದಿನ ಶನಿವಾರ ಷಡ್ಡಕರಿಬ್ಬರೂ ಕ್ಲೆಮ್‌ನ ಗ್ಯಾರೇಜಿನಲ್ಲಿ ಒಂದೇ ದೊಡ್ಡ ಹಂಡೆಯಲ್ಲಿ ಮಾಲ್ಟಿನ ಸಿಹಿ ಕಷಾಯ ಕಾಯಿಸಿ, ಒಂದೇ ಜಾಡಿಯ ಯೀಸ್ಟನ್ನು ಹಂಚಿಕೊಂಡು, ಅರ್ಧರ್ಧ ಮನೆಗೆ ಒಯ್ಯುವುದು ರೂಢಿ. ಕ್ಲೆಮ್‌ನ ಅರ್ಧ ಹತ್ತೇ ದಿನದಲ್ಲಿ ಹದಿನಾಲ್ಕಕ್ಕೆ ಇಳಿದು ಬಾಟಲಿಯನ್ನೂ ಸೇರಿಯಾಗಿತ್ತು.

"ಕಷಾಯ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಯೀಸ್ಟಲ್ಲಿ! ಹಂಚಿದ್ದು ಅವನು. ಜಾಡಿ ಮೇಲಿನ ತಿಳಿನೀರು ನಂಗೆ ಬಗ್ಗಿಸಿ, ತಳದ ಗಟ್ಟಿ ತಾನಿಟ್ಕೊಂಡಿದ್ದಾನೆ. ಹೋದ ವರ್ಷ ಜಿಲ್ಲಾ ಮೇಳದಲ್ಲಿ ನಂಗೆ ನೀಲಿ ರಿಬ್ಬನ್ ಬಂತಲ್ಲ, ಅವನಿಗೆ ಎರಡನೇದು, ಕೆಂಪು. ಆ ಹೊಟ್ಟೆಕಿಚ್ಚು!"

ಎಂದವನೇ ದಡದಡ ಮೇಲೆ ಹತ್ತಿದ. ಬರ್ನಡೀನ್ ಹಿಂದೆಯೇ ಓಡಿದಳು. ಅವಳು ಅಡುಗೆಮನೆ ಮುಟ್ಟುವಷ್ಟರಲ್ಲಿ ಫೋನಿನಲ್ಲಿ ಮಾತು ಮುಗಿಯುತ್ತಿತ್ತು. "—ಮದುವೆಗೆ ನಿನ್ನ ಕಾನ್ಸರ್ಟಿನಾ ವಾದ್ಯಾನೂ ಬೇಡ, ನೀನೂ ಬೇಡ!"

ಐದು ನಿಮಿಷಕ್ಕೆ ಫೋನು ಮತ್ತೆ ಬಡಿದುಕೊಂಡಿತು. ಲೂಸಿಲ್.

"ಬರ್ನಿ, ಅವರಿಲ್ಲದ ಕಡೆ ನಾನೂ ಇಲ್ಲ. ಮಾರ್ಸಿಗೆ ನೀನೇ ಹೇಳು, ನನ್ನ ಕೈಲಿ ಆಗಲ್ಲ." ಅಷ್ಟೇ ಹೇಳಿ ಇಟ್ಟಳು. ದನಿ ಒಡೆದಿತ್ತು.

ಬರ್ನಡೀನ್ ಅಲ್ಲೇ ಕುರ್ಚಿಯಲ್ಲಿ ಕೂತಳು. ಮಾರ್ಸಿಯ ಮದುವೆಯಲ್ಲಿ ಲೂಸಿಲ್ ಇಲ್ಲದೆ? ಮಾರ್ಸಿಗೆ ಮೊದಲ ಸ್ನಾನ ಮಾಡಿಸಿದವಳು ಲೂಸಿಲ್. ಅವಳ ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಧರ್ಮತಂದೆ ಕ್ಲೆಮ್. ಬಿಯರ್ ಹಾಳಾದರೆ ಅಂಗಡಿಯದು ತರಬಹುದು. ತಂಗಿಯನ್ನು ಎಲ್ಲಿಂದ ತರುವುದು?

ಬಾಯ್ತುಂಬ ಬೈಯೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಬಿಡಬೇಕು. ಎರ್ವಿನ್ ಬಿಯರ್ ಬಿಟ್ಟಿದ್ದ. ಅವಳು, ಯಾವ ಗಳಿಗೆಯಲ್ಲೋ, ಗಂಡನ ತಪ್ಪು ಎತ್ತಿ ಆಡುವುದನ್ನು ಬಿಟ್ಟಿದ್ದಳು. ಚಾಕಲೇಟು ಬಿಡುವುದು ಎಷ್ಟೋ ಸುಲಭವಿತ್ತು.

"ನಾಳೆ ಬೆಳಿಗ್ಗೆ ಅಷ್ಟನ್ನೂ ಮೋರಿಗೆ ಚೆಲ್ತೀನಿ," ಎಂದು ಎರ್ವಿನ್ ಗೋಡೆಗೆ ಹೇಳಿದ.

ಬರ್ನಡೀನ್ ಕೋಟು ಹಾಕಿಕೊಂಡು ಪಕ್ಕದ ಮನೆಗೆ ನಡೆದಳು.

ಪಕ್ಕದ ಮನೆಯ ಸೋಲ್ವಿಗ್ ಟೋಲೆಫ್ಸನ್ ಎಪ್ಪತ್ತನಾಲ್ಕರ ಹೆಂಗಸು. ಮೂವತ್ತೊಂದು ವರ್ಷ ಚೀಸ್ ಕಾರ್ಖಾನೆಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡಿದವರು. ಅವರ ಕೊಳವೆಯೊಳಗೆ ಒಂದು ಚಮಚ ಹಾಲು ಹೋದರೆ ನೀರು ಬೆರೆಸಿದ ರೈತನ ಹೆಸರು ಹೊರಗೆ ಬರುತ್ತಿತ್ತು. ಈಚೆಗೆ ಊರಲ್ಲಿ ಏನು ಕಳೆದರೂ, ಚರ್ಚಿನ ಕಾಫಿ ಪಾತ್ರೆಯಿಂದ ಹಿಡಿದು ಮೇಯರ್ ಹೆಂಡತಿಯ ಹಲ್ಲುಸೆಟ್ಟಿನವರೆಗೆ, ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು.

ಎಲ್ಲ ಕೇಳಿ ಸೋಲ್ವಿಗ್ ಹೆಣಿಗೆ ಕೆಳಗಿಟ್ಟರು.

"ಸತ್ತವರು ಎಲ್ಲಿ?"

"ನಮ್ಮ ನೆಲಮಾಳಿಗೇಲಿ. ನನ್ನ ಕಂಬಳಿ ಹೊದ್ದುಕೊಂಡಿದೆ."

"ನಡಿ. ಚೆಲ್ಲೋಕೆ ಮುಂಚೆ ಒಂದು ಸಲ ಮುಖ ನೋಡೋಣ."

ಎರ್ವಿನ್‌ಗೆ ಅವರು ಬಂದದ್ದು ಅಷ್ಟೇನೂ ಹಿಡಿಸಲಿಲ್ಲ. ಆದರೆ ಸೋಲ್ವಿಗ್‌ರಿಗೆ ಎದುರಾಡುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅವರು ಕಂಬಳಿ ಸರಿಸಿದರು. ಬುಡ್ಡಿಯ ಕುತ್ತಿಗೆಯ ಹತ್ತಿರ ಬಗ್ಗಿ, ಗಾಜಿನ ಒಳಗೆ ಅಂಟಿ ಒಣಗಿದ್ದ ಕಂದು ಪಟ್ಟೆಯನ್ನು ಬಹಳ ಹೊತ್ತು ನೋಡಿದರು.

"ಇದು ನೊರೆಯ ಗುರುತಲ್ವಾ?"

"ಹೌದು."

"ಬಿರಡೆಯ ಹತ್ತಿರದವರೆಗೂ ಏರಿದೆ. ಮೊದಲ ವಾರ ಹೇಗಿತ್ತು?"

"ಮೊದಲ ವಾರ ಹುಚ್ಚು ಕುದುರೆ! ಎರಡನೇ ದಿನ ನೊರೆ ಬಿರಡೆ ಹಾರಿಸಿ ಗೋಡೆಗೆ ಎರಚ್ತು. ಬರ್ನಿನ ಕೇಳಿ, ಒರೆಸಿದ್ದು ಅವಳೇ."

"ಹೂಂ. ಆಮೇಲೆ?"

"ಎಂಟನೇ ದಿನಕ್ಕೆ ಗುಳ್ಳೆ ಕಮ್ಮಿಯಾಯ್ತು. ಹತ್ತಕ್ಕೆ ನಿಂತೋಯ್ತು."

"ಕ್ಲೆಮ್‌ದು ಯಾವಾಗ ನಿಂತಿತು?"

"ಹತ್ತಕ್ಕೇ. ಆದರೆ ಅವನದು ಕೆಲಸ ಮುಗಿಸಿ ನಿಂತಿದ್ದು. ನನ್ನದು ಸತ್ತು ನಿಂತಿದ್ದು."

ಸೋಲ್ವಿಗ್ ಬರ್ನಡೀನಳ ಕಡೆ ತಿರುಗಿದರು. "ಈ ಬುಡ್ಡಿ ಯಾವಾಗಲೂ ಇಲ್ಲೇ ಇತ್ತಾ?"

ಬರ್ನಡೀನ್ ಮುಖ ಬಿಸಿಯಾಯಿತು. ಮೂರು ವಾರದಿಂದ ಅವಳನ್ನು ಕೊರೆಯುತ್ತಿದ್ದದ್ದು ಇದೇ.

"ಇಲ್ಲ... ಎರಡನೇ ವಾರ ಮದುವೆಯ ಮೇಜುಬಟ್ಟೆ ಒಗೆದು ಒಣಗಿಸೋಕೆ ಜಾಗ ಸಾಲಲಿಲ್ಲ. ಹೀಟರ್ ಪಕ್ಕದಿಂದ ಆ ಮೂಲೆಗೆ ತಳ್ಳಿದ್ದೆ. ಎರಡು ದಿನ."

"ಏನು? ತಣ್ಣನೆ ಸಿಮೆಂಟ್ ಮೇಲೆ? ನಂಗೆ ಹೇಳಲೇ ಇಲ್ಲ!" ಎರ್ವಿನ್ ಎದ್ದು ನಿಂತ.

"ಕೂತ್ಕೋ ಎರ್ವಿನ್," ಎಂದರು ಸೋಲ್ವಿಗ್. "ಎರಡು ದಿನ ಎಂದರೆ ಯಾವ ಯಾವ ದಿನ?"

"ಗುರುವಾರ, ಶುಕ್ರವಾರ. ಆ ಶನಿವಾರ ಮಾರ್ಸಿ, ಡೆಸ್ಮಂಡ್ ಊಟಕ್ಕೆ ಬರೋರಿದ್ರು, ಅಷ್ಟರಲ್ಲಿ ವಾಪಸ್ ಇಟ್ಟೆ."

"ಅಂದರೆ ಹನ್ನೊಂದನೇ ದಿನ ಕಳೆದಿತ್ತು ಅಂತಾಯ್ತು. ಎರ್ವಿನ್ ಲೆಕ್ಕದಲ್ಲಿ ಹತ್ತಕ್ಕೇ ನಿಂತಿತ್ತು. ಸತ್ತ ಮೇಲೆ ಚಳಿ ಹಿಡಿಸಿ ಯಾರನ್ನೂ ಕೊಲ್ಲೋಕಾಗಲ್ಲ. ನಿನ್ನನ್ನ ಬಿಟ್ಟಿದ್ದೀನಿ, ಬರ್ನಿ."

ಬರ್ನಡೀನಳನ್ನು ಅಷ್ಟು ದಿನ ಕಾಡಿದ್ದು ಒಂದೇ ಮಾತಿಗೆ ಇಳಿದುಹೋಯಿತು.

"ಊಟಕ್ಕೆ ಬಂದ ಡೆಸ್ಮಂಡ್ ಕೆಳಗಿಳಿದಿದ್ನಾ?"

"ಇಳಿದಿದ್ದ," ಎಂದ ಎರ್ವಿನ್. ಅವನ ಕಣ್ಣು ಕಿರಿದಾಯಿತು. "ಅರ್ಧ ಗಂಟೆ ಇಲ್ಲೇ ನಿಂತಿದ್ದ. ಶಿಕಾಗೋದವನು. ಅವರಿಗೆ ಬಿಯರ್ ಎಂದರೇನು ಗೊತ್ತು? ಬಿರಡೆ ತೆಗೆದು ಏನಾದ್ರೂ ಹಾಕಿದ್ನೋ ಏನೋ!"

"ಎರ್ವ್!" ಎಂದಳು ಬರ್ನಡೀನ್. ಅದಕ್ಕಿಂತ ಹೆಚ್ಚು ಹೇಳಿದರೆ ವ್ರತಭಂಗ.

"ಅವನು ಬಂದಿದ್ದೂ ಹತ್ತನೇ ದಿನ ಕಳೆದ ಮೇಲೇ," ಎಂದರು ಸೋಲ್ವಿಗ್. "ಅವನನ್ನೂ ಬಿಟ್ಟೆ. ಅಳಿಯನಾಗೋನನ್ನ ಮದುವೆ ಆಗೋವರೆಗಾದ್ರೂ ಬೈಬಾರದು, ಎರ್ವಿನ್. ಈಗ ಹೇಳು, ಅಳತೆ ನೋಡೋದು ಹೇಗೆ?"

ಎರ್ವಿನ್ ಹೆಮ್ಮೆಯಿಂದ ದುರ್ಬೀನು ಎತ್ತಿ ತೋರಿಸಿದ. "ಎರಡು ಹನಿ ಸಾಕು."

"ಇದು ಸರಿಯಾಗಿದೆ ಅಂತ ಹೇಗೆ ಗೊತ್ತು?"

"ಯಾಕೆ? ನೀರು ಬಿಟ್ಟರೆ ಸೊನ್ನೆ ತೋರಿಸುತ್ತೆ. ಕಷಾಯ ಕಾಯಿಸಿದ ದಿನ ಕ್ಲೆಮ್‌ನ ಗಾಜಿನ ಕಡ್ಡಿ ಎಪ್ಪತ್ತು ಅಂತು, ನನ್ನ ದುರ್ಬೀನೂ ಎಪ್ಪತ್ತು ಅಂತು. ಕೂದಲೆಳೆ ವ್ಯತ್ಯಾಸ ಇಲ್ಲ!"

"ಮೊದಲು ನೀನು ಏನು ಬಳಸ್ತಿದ್ದೆ?"

"ನಂದೂ ಒಂದು ಗಾಜಿನ ಕಡ್ಡಿ ಇದೆ, ತೇಲಿಬಿಡೋದು. ಡ್ರಾಯರಲ್ಲಿ. ಅದಕ್ಕೆ ಒಂದು ಲೋಟ ಬಿಯರ್ ಬಗ್ಗಿಸ್ಬೇಕು."

"ಬಗ್ಗಿಸಿದ ಲೋಟ ಆಮೇಲೆ ಏನಾಗ್ತಿತ್ತು?"

"ಏನಾಗುತ್ತೆ? ಕುಡೀತಿದ್ದೆ. ವಾಪಸ್ ಸುರಿಯೋ ಹಾಗಿಲ್ಲ, ಕೊಳೆ ಸೇರುತ್ತೆ."

"ಈ ಸಲ ಯಾಕೆ ಬಗ್ಗಿಸಲಿಲ್ಲ?"

ಎರ್ವಿನ್ ಇಂಥ ದಡ್ಡ ಪ್ರಶ್ನೆ ಕೇಳಿರಲಿಲ್ಲವೆಂಬಂತೆ ನೋಡಿದ. "ಉಪವಾಸದ ದಿನ, ಸೋಲ್ವಿಗ್! ಈಸ್ಟರ್‌ವರೆಗೆ ಬಿಯರ್ ಮುಟ್ಟಲ್ಲ ಅಂತ ದೇವರಿಗೆ ಮಾತು ಕೊಟ್ಟಿದ್ದೀನಿ. ಲೋಟ ಬಗ್ಗಿಸಿದರೆ ಕುಡಿಯೋ ಹಾಗಿಲ್ಲ, ಚೆಲ್ಲೋಕೆ ಮನಸ್ಸು ಬರಲ್ಲ. ಈ ದುರ್ಬೀನು ಸಿಕ್ಕಿದ್ದು ದೇವರ ದಯ. ಕ್ಲೆಮ್‌ನ ಹಾಗೆ ಭಾನುವಾರ ಉಪವಾಸ ಲೆಕ್ಕಕ್ಕಿಲ್ಲ ಅಂತ ಕುಡಿಯೋನು ನಾನಲ್ಲ."

"ಅಂದರೆ ಐದು ವಾರದಿಂದ ಇದರ ರುಚಿ ಯಾರೂ ನೋಡಿಲ್ಲ?"

"ಯಾರು ನೋಡ್ತಾರೆ? ಬರ್ನಿಗೆ ಬಿಯರ್ ಸೇರಲ್ಲ. ನೋಡ್ತೀನಿ ಅಂತ ಕ್ಲೆಮ್ ಎರಡು ಸಲ ಬಾಗಿಲಿಗೆ ಬಂದಿದ್ದ. ಒಳಗೆ ಬಿಡಲಿಲ್ಲ. ಕೊಲೆಗಾರ ಹೆಣ ನೋಡೋಕೆ ಬಂದ ಹಾಗೆ!"

ಸೋಲ್ವಿಗ್ ಮುಖದಲ್ಲಿ ಏನೋ ಸುಳಿದು ಮಾಯವಾಯಿತು. "ಒಂದು ಕಾಫಿ ಸಿಗುತ್ತಾ, ಬರ್ನಿ?"

ಅಡುಗೆಮನೆಯಲ್ಲಿ ಕಾಫಿಗೆ ಹಾಲು ತಾವೇ ತೆಗೆದುಕೊಳ್ಳುತ್ತೇನೆಂದು ಸೋಲ್ವಿಗ್ ಫ್ರಿಜ್ಜಿನ ಮುಂದೆ ನಿಂತರು. ನಿಂತವರು ನಿಂತೇ ಇದ್ದರು. ಆಮೇಲೆ ಸಾಮಾನಿನ ಪಟ್ಟಿಯನ್ನು ಬಿಡಿಸಿಕೊಂಡು ಮಡಿಸಿ ಸ್ವೆಟರಿನ ಜೇಬಿಗೆ ಹಾಕಿದರು.

"ಅದು ನಮ್ಮ ಪಟ್ಟಿ!"

"ಗೊತ್ತು. ಬೆಣ್ಣೆ ನಾನೂ ತರಬೇಕು. ನೀನೀಗ ಒಂದು ಕೆಲಸ ಮಾಡು. ತಂಗಿ ಮನೆಗೆ ಹೋಗಿ ಕ್ಲೆಮ್ ತುಂಬಿಟ್ಟ ಬಾಟಲಿ ಒಂದು ತಗೊಂಡು ಬಾ."

"ಈಗ? ಇಷ್ಟೆಲ್ಲ ಆದ ಮೇಲೆ? ಮುಖಕ್ಕೆ ಬಾಗಿಲು ಹಾಕ್ತಾಳೆ."

"ಹಾಕಿದರೆ ಕಿಟಕಿ ಬಡಿ."

ಬಾಗಿಲು ತೆಗೆದ ಲೂಸಿಲ್‌ಳ ಕಣ್ಣು ಊದಿಕೊಂಡಿತ್ತು. ಅಕ್ಕನನ್ನು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಒಂದು ಬಾಟಲಿ ಬೇಕಿತ್ತು," ಎಂದಳು ಬರ್ನಡೀನ್. ಕೇಳಲು ಇದಕ್ಕಿಂತ ನಾಚಿಕೆಗೇಡಿನ ಮಾತು ಬೇರೆ ಇರಲಿಲ್ಲ.

"ಬಿಯರ್ ಕೇಳೋಕೆ ಬಂದ್ಯಾ? ಕೇಳ್ರೀ ಕ್ಲೆಮ್, ಇವಳು ಬಿಯರ್ ಕೇಳೋಕೆ ಬಂದಿದ್ದಾಳೆ!"

ಕ್ಲೆಮ್ ಒಳಕೋಣೆಯಿಂದ ಬಂದ. ಎತ್ತರದ ಆಳು, ಒಂದು ದಿನದಲ್ಲೇ ಬಗ್ಗಿದಂತಿದ್ದ. ಅವನ ಹಿಂದೆ ಮೇಜಿನ ಮೇಲೆ ಕಾನ್ಸರ್ಟಿನಾ ಪೆಟ್ಟಿಗೆಯಿಂದ ಹೊರಗಿತ್ತು, ಎದುರಿಗೆ ಸ್ವರ ಬರೆದ ಹಾಳೆ. ಅವನು ಏನೂ ಕೇಳದೆ ಕಪಾಟಿನಿಂದ ಒಂದು ಬಾಟಲಿ ತಂದು ಅವಳ ಕೈಗಿಟ್ಟ.

"ಬರ್ನಿ, ಅವನಿಗೆ ಒಂದು ಮಾತು ಹೇಳು. ಜಾಡೀಲಿ ತಳದ ಗಟ್ಟಿ ಯೀಸ್ಟ್ ನಾನಿಟ್ಕೊಳ್ಳಲಿಲ್ಲ. ಅಷ್ಟೂ ಅವನ ಬುಡ್ಡಿಗೇ ಹಾಕಿದೆ. ನಂದೇನಾದ್ರೂ ಆಗಲಿ, ಮಾರ್ಸಿ ಅಪ್ಪಂದು ಚೆನ್ನಾಗಿ ಬರಲಿ ಅಂತ."

ಬರ್ನಡೀನ್ ದಾರಿಯುದ್ದಕ್ಕೂ ಬಾಟಲಿಯನ್ನು ಕೋಟಿನೊಳಗೆ ಅವಚಿಕೊಂಡು ಅಳುತ್ತಲೇ ಬಂದಳು.

ಅವಳು ಬರುವ ಹೊತ್ತಿಗೆ ನೆಲಮಾಳಿಗೆಯ ಮೇಜು ಲ್ಯಾಬಿನಂತಾಗಿತ್ತು. ಬಿಳಿ ಬಟ್ಟೆ, ಎರಡು ಉದ್ದ ಲೋಟ, ಡ್ರಾಯರಿನಿಂದ ಹೊರಬಂದ ಗಾಜಿನ ಕಡ್ಡಿ, ದುರ್ಬೀನು. ಸೋಲ್ವಿಗ್ ಕನ್ನಡಕ ಬದಲಿಸಿದರು.

"ಎರ್ವಿನ್, ಮೂವತ್ತೊಂದು ವರ್ಷದಲ್ಲಿ ನಾನು ಕಲಿತಿದ್ದು ಒಂದೇ. ಹಾಲು ಕೆಟ್ಟಿದೆ ಅನ್ನೋಕೆ ಮುಂಚೆ ಅಳತೆಗೋಲನ್ನೇ ಅಳೀಬೇಕು. ಅದೂ ನೀರಲ್ಲಲ್ಲ—ಚೆನ್ನಾಗಿದೆ ಅಂತ ಗೊತ್ತಿರೋ ಹಾಲಲ್ಲಿ. ಈ ಬಾಟಲಿ ಕ್ಲೆಮ್‌ದು. ಇದು ಕೆಲಸ ಮುಗಿಸಿದ ಬಿಯರ್, ಒಪ್ತೀಯಾ?"

"ಒಪ್ದೆ ಏನು ಮಾಡ್ಲಿ? ಹದಿನಾಲ್ಕಕ್ಕೆ ಇಳಿದಿದ್ದನ್ನ ನಾನೇ ನೋಡಿದ್ದೀನಿ, ಅವನ ಕಡ್ಡೀಲಿ."

"ಹಾಗಾದರೆ ಇದರ ಎರಡು ಹನಿ ನಿನ್ನ ದುರ್ಬೀನಿಗೆ ಬಿಡು. ಅಂಕಿ ಓದು."

ಎರ್ವಿನ್ ಬಿಟ್ಟ. ದೀಪಕ್ಕೆ ಹಿಡಿದ. ಕಣ್ಣಿಟ್ಟ.

"ಎಷ್ಟು?"

ಅವನು ಗಾಜು ಒರೆಸಿ ಮತ್ತೆರಡು ಹನಿ ಬಿಟ್ಟ. ಮತ್ತೆ ನೋಡಿದ.

"ಎಷ್ಟು, ಎರ್ವಿನ್?"

"...ಮೂವತ್ನಾಲ್ಕು."

"ಓಹೋ! ಹಾಗಾದರೆ ಕ್ಲೆಮ್‌ನ ಬಿಯರನ್ನೂ ಯಾರೋ ಕೊಂದಿದ್ದಾರೆ?"

ಸೋಲ್ವಿಗ್ ಬುಡ್ಡಿಯಿಂದ ಒಂದು ಲೋಟ ಬಗ್ಗಿಸಿದರು. ಎರ್ವಿನ್ ಸಂಕಟದಿಂದ ನೋಡಿದ. ಗಾಜಿನ ಕಡ್ಡಿ ಲೋಟದಲ್ಲಿ ಮುಳುಗಿ, ಮೇಲೆದ್ದು, ತೂಗಾಡಿ, ನಿಂತಿತು.

"ಓದು, ಬರ್ನಿ. ನಿನ್ನ ಗಂಡನ ಕಣ್ಣು ಮಂಜಾಗಿದೆ."

ಬರ್ನಡೀನ್ ಬಗ್ಗಿದಳು. "ಹದಿನಾಲ್ಕು," ಎಂದಳು. ಮತ್ತೊಮ್ಮೆ ನೋಡಿ, ಜೋರಾಗಿ, "ಹದಿನಾಲ್ಕು!"

ಸೋಲ್ವಿಗ್ ಲೋಟ ಎತ್ತಿ ಒಂದು ಗುಟುಕು ಕುಡಿದರು. ಮತ್ತೊಂದು ಗುಟುಕು. "ನಾನು ಲೂಥರನ್, ನಿಮ್ಮ ಚರ್ಚಿನವಳಲ್ಲ. ನನಗೆ ಯಾವ ಉಪವಾಸವೂ ಇಲ್ಲ. ಇದರಲ್ಲಿ ಉಳಿದ ಸಕ್ಕರೆ ಎಲ್ಲಿದೆ? ನಾಲಿಗೆಗೆ ಸಿಹಿನೇ ಇಲ್ಲ. ಒಳ್ಳೆ ಬಿಯರ್. ಸತ್ತಿಲ್ಲ, ಎರ್ವಿನ್. ಮೂರು ವಾರದಿಂದ ಕೆಲಸ ಮುಗಿಸಿ ಕೈಕಟ್ಟಿ ಕೂತಿದೆ. ನೀನು ಅದಕ್ಕೆ ಕಂಬಳಿ ಹೊದಿಸಿ, ಮತ್ತೆ ಮತ್ತೆ ಯೀಸ್ಟ್ ಹಾಕಿದ್ದೀಯ. ಊಟ ಮುಗಿದ ಪಂಕ್ತಿಗೆ ಎರಡು ಸಲ ಜನ ಕರೆದಿದ್ದೀಯ. ಅವರಿಗೆ ತಿನ್ನೋಕೆ ಏನಿತ್ತು?"

"ಆದರೆ ದುರ್ಬೀನು... ಮೊದಲ ದಿನ ಸರಿ ಹೇಳಿತ್ತಲ್ಲ!"

"ಮೊದಲ ದಿನ ಅದರಲ್ಲಿ ಬರೀ ಸಕ್ಕರೆ ಇತ್ತು. ದುರ್ಬೀನು ಸಕ್ಕರೆ ಎಣಿಸಲ್ಲ, ಬೆಳಕು ಎಷ್ಟು ಬಾಗುತ್ತೆ ಅಂತ ನೋಡುತ್ತೆ. ಯೀಸ್ಟು ಸಕ್ಕರೆ ತಿಂದು ಮದ್ಯ ಮಾಡಿದ ಮೇಲೆ ಬೆಳಕು ಮದ್ಯದಲ್ಲೂ ಬಾಗುತ್ತೆ. ಪಾಪದ್ದು, ಯಾವುದು ಸಕ್ಕರೆ, ಯಾವುದು ಮದ್ಯ ಅಂತ ಅದಕ್ಕೆ ಗೊತ್ತಾಗಲ್ಲ. ಎಲ್ಲಾ ಸಕ್ಕರೆ ಅಂತ ಹೇಳಿಬಿಡುತ್ತೆ."

"ಹಾಗಾದರೆ ತಪ್ಪು ಡೆಸ್ಮಂಡ್‌ದು! ಇಂಥಾ ಸುಳ್ಳುಬುರುಕ ಸಾಮಾನು ಕೊಟ್ಟು—"

"ನಿಲ್ಲು." ಸೋಲ್ವಿಗ್ ಜೇಬಿನಿಂದ ಸಾಮಾನಿನ ಪಟ್ಟಿ ತೆಗೆದರು. ಬೆಣ್ಣೆ, ಮೊಟ್ಟೆ, ಕೋಸು, ಆಲೂಗಡ್ಡೆ. "ಎಲ್ಲಿಯದು ಬರ್ನಿ, ಈ ನುಣುಪು ಕಾಗದ?"

"ಎರ್ವ್ ದುರ್ಬೀನಿನ ಪೆಟ್ಟಿಗೆ ಬಿಚ್ಚಿದಾಗ ಕಸದ ಬುಟ್ಟಿಗೆ ಎಸೆದಿದ್ದ. ಒಂದು ಮಗ್ಗುಲು ಖಾಲಿ ಇತ್ತು, ಸುಮ್ಮನೆ ಯಾಕೆ ಹಾಳು ಅಂತ..."

ಸೋಲ್ವಿಗ್ ಕಾಗದ ಮಗುಚಿದರು. ಇನ್ನೊಂದು ಮಗ್ಗುಲಲ್ಲಿ ಕೆಂಪು ಚೌಕ, ಅದರೊಳಗೆ ದಪ್ಪ ಅಕ್ಷರ. ಎರ್ವಿನ್ ತಾನೇ ಓದಿದ, ತುಟಿ ಅಲ್ಲಾಡಿಸುತ್ತ: ಯೀಸ್ಟ್ ಹಾಕಿದ ನಂತರ ಈ ಅಳತೆಯನ್ನು ಹಾಗೆಯೇ ನಂಬಬಾರದು.

"ಕೊಟ್ಟವನು ಕಾಗದ ಸಮೇತ ಕೊಟ್ಟಿದ್ದ," ಎಂದರು ಸೋಲ್ವಿಗ್. "ಇಡೀ ಊರಿನ ಕಾಗದ ಮೂವತ್ತು ವರ್ಷ ಮನೆಮನೆಗೆ ತಲುಪಿಸಿದವನು ನಿನಗೆ ಬಂದ ಒಂದು ಕಾಗದ ಓದಲಿಲ್ಲ. ಐದು ವಾರ ಅದು ಫ್ರಿಜ್ಜಿನ ಮೇಲೇ ಇತ್ತು, ಮುಖ ಬಾಗಿಲಿಗೆ ಒತ್ತಿಕೊಂಡು. ಒಂದು ಗುಟುಕು ಕುಡಿದಿದ್ದರೆ ನಿನ್ನ ನಾಲಿಗೆಯೇ ಹೇಳ್ತಿತ್ತು. ಅದನ್ನ ನೀನು ದೇವರಿಗೆ ಬರೆದುಕೊಟ್ಟಿದ್ದೆ. ಬರ್ನಿ ದನಿ ಎತ್ತಿದ್ದರೆ ಬುಡ್ಡಿಯ ಮಾತು, ಕಂಬಳಿಯ ಮಾತು ಬಂದು, ನೀನು ಕ್ಲೆಮ್‌ನ ಒಳಗೆ ಬಿಟ್ಟು, ಎಲ್ಲ ಬಯಲಾಗ್ತಿತ್ತು. ಅವಳೂ ತನ್ನ ಬಾಯಿ ದೇವರಿಗೆ ಬರೆದುಕೊಟ್ಟಿದ್ದಳು. ಇಷ್ಟು ಭಕ್ತಿ ಒಂದೇ ಮನೇಲಿ ಇದ್ದರೆ ಬಿಯರಿಗೆ ಕಷ್ಟ."

ಎರ್ವಿನ್ ಸ್ಟೂಲಿನ ಮೇಲೆ ನಿಧಾನ ಕೂತ.

"ಅಪರಾಧಿ ಯಾರು ಅಂತ ನಾನು ಹೇಳಬೇಕಾ?" ಎಂದು ಸೋಲ್ವಿಗ್ ಮೆಲ್ಲಗೆ ಕೇಳಿದರು.

"ಬೇಡ." ಅವನು ತಲೆ ಎತ್ತಲಿಲ್ಲ. "ಕ್ಲೆಮ್ ಏನಂದ, ಬರ್ನಿ?"

ಬರ್ನಡೀನ್ ಹೇಳಿದಳು. ತಳದ ಗಟ್ಟಿ ಯೀಸ್ಟು, ಮಾರ್ಸಿ ಅಪ್ಪಂದು ಚೆನ್ನಾಗಿ ಬರಲಿ ಎಂದದ್ದು, ಎಲ್ಲ. ಪೆಟ್ಟಿಗೆಯಿಂದ ಹೊರಗಿದ್ದ ಕಾನ್ಸರ್ಟಿನಾದ ಸಂಗತಿಯನ್ನೂ ಹೇಳಿದಳು. ಎರ್ವಿನ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಅವನ ಕಿವಿ ಕೆಂಪಾದದ್ದು ಕಂಡು ಅವಳಿಗೆ ಕೋಪವೆಲ್ಲ ಇಳಿದುಹೋಯಿತು. ಅವನ ಬಗ್ಗೆ ಪಾಪ ಅನ್ನಿಸಿತು.

"ಇವತ್ತು ಶುಕ್ರವಾರ," ಎಂದಳು. "ಚರ್ಚಿನ ಹಾಲಲ್ಲಿ ಮೀನೂಟಕ್ಕೆ ಅವರೂ ಬರ್ತಾರೆ."

"ಊರೆಲ್ಲ ಇರುತ್ತೆ ಅಲ್ಲಿ!"

"ಇರುತ್ತೆ," ಎಂದರು ಸೋಲ್ವಿಗ್, ಲೋಟದ ಕೊನೆಯ ಗುಟುಕು ಮುಗಿಸುತ್ತ. "ಬೈದಿದ್ದು ಫೋನಲ್ಲಿ, ನಿಜ. ಆದರೆ ಈ ಊರಲ್ಲಿ ಅಷ್ಟು ಹೊತ್ತಿಗೆ ಯಾರಿಗೆ ಗೊತ್ತಾಗಿರಲ್ಲ?"

ಸಂಜೆ ಐದೂವರೆಗೆ ಹಾಲ್ ತುಂಬಿತ್ತು. ಕರಿದ ಮೀನು, ಆಲೂಗಡ್ಡೆ ದೋಸೆ, ಕೋಸಿನ ಸಲಾಡ್. ಎಣ್ಣೆಯ ವಾಸನೆ ಬಾಗಿಲಲ್ಲೇ ಎದುರಾಯಿತು. ಕ್ಲೆಮ್ ಮತ್ತು ಲೂಸಿಲ್ ಮೂಲೆಯ ಮೇಜಿನಲ್ಲಿದ್ದರು, ಪಕ್ಕದ ಎರಡು ಕುರ್ಚಿ ಖಾಲಿ. ಪ್ರತಿ ಶುಕ್ರವಾರ ಆ ಕುರ್ಚಿಗಳಲ್ಲಿ ಕೂರುವವರು ಯಾರೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಬೇರೆ ಯಾರೂ ಕೂತಿರಲಿಲ್ಲ.

ಎರ್ವಿನ್ ತಟ್ಟೆ ತೆಗೆದುಕೊಳ್ಳಲಿಲ್ಲ. ನೇರವಾಗಿ ಹೋಗಿ ದುರ್ಬೀನಿನ ಪೆಟ್ಟಿಗೆಯನ್ನು ಕ್ಲೆಮ್‌ನ ಎದುರಿಗಿಟ್ಟ. ಸುತ್ತಲಿನ ಮೇಜುಗಳಲ್ಲಿ ಚಮಚಗಳ ಸದ್ದು ನಿಂತಿತು.

"ಕ್ಲೆಮ್, ಕೊಂದವನು ಸಿಕ್ಕಿದ."

"ಯಾರಂತೆ?" ಕ್ಲೆಮ್ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ನಾನೇ. ಕೊಲೆನೂ ಆಗಿಲ್ಲ. ಬಿಯರ್ ಚೆನ್ನಾಗಿದೆ, ನಿಂದಕ್ಕಿಂತ ಚೆನ್ನಾಗಿದೆ, ಯಾಕೆ ಅಂದ್ರೆ ನೀನು ನಂಗೆ ಗಟ್ಟಿ ಯೀಸ್ಟ್ ಕೊಟ್ಟಿದ್ದೆ. ನಾನು ನಿನ್ನ ಬಗ್ಗೆ... ನಾನು ಕತ್ತೆ. ಮದುವೆಗೆ ಬಾ, ಕ್ಲೆಮ್. ನೀನು ಬರದೇ ಇದ್ರೆ ನಂಗೆ ಮದುವೆ ಅನ್ನಿಸಲ್ಲ."

ಕ್ಲೆಮ್ ಪೆಟ್ಟಿಗೆ ತೆರೆದ. ದುರ್ಬೀನು ತೆಗೆದು ಒಂದು ಕಣ್ಣು ಮುಚ್ಚಿ ಎರ್ವಿನ್‌ನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಲೂಸಿಲ್," ಎಂದ ಕ್ಲೆಮ್, "ಇವನ ತಲೇಲಿ ಎಷ್ಟಿದೆ ಅಂತ ನೋಡ್ತಿದ್ದೀನಿ. ಸೊನ್ನೆ ತೋರಿಸ್ತಾ ಇದೆ ಕಣೇ."

ಹಾಲ್ ಇಡೀ ನಕ್ಕಿತು. ಎರ್ವಿನ್ ಅಳುತ್ತಲೇ ನಕ್ಕ. ಲೂಸಿಲ್ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದಳು. ಅಕ್ಕ ಕೂತ ಕೂಡಲೇ ಮೇಜಿನ ಕೆಳಗೆ ಅವಳ ಕೈ ಹುಡುಕಿ ಗಟ್ಟಿಯಾಗಿ ಹಿಡಿದಳು. ಬರ್ನಡೀನ್‌ಗೆ ಆ ಹೊತ್ತಿಗೆ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ.

"ನಿನ್ನ ಫೋನ್ ಬಂದ ಮೇಲೂ ನಾನು ನುಡಿಸ್ತಾನೇ ಇದ್ದೆ," ಎಂದು ಕ್ಲೆಮ್ ಮೀನು ಮುರಿಯುತ್ತ ಹೇಳಿದ. "ಮದುವೆ ಮಾರ್ಸಿದು. ನೀನು ಯಾರೋ ನನ್ನ ಬೇಡ ಅನ್ನೋಕೆ? ಹೋಗು, ಮೀನು ತಗೊಂಡು ಬಾ, ತಣ್ಣಗಾಗುತ್ತೆ. ನಾಳೆ ಬೆಳಿಗ್ಗೆ ಬಾಟಲಿ ತುಂಬೋಕೆ ಬರ್ತೀನಿ. ಬಾಗಿಲು ತೆಗೀತೀಯ ತಾನೆ?"

ಆಗಲೇ ಎರಡನೇ ತಟ್ಟೆ ಮುಗಿಸುತ್ತಿದ್ದ ಸೋಲ್ವಿಗ್ ಅತ್ತ ತಿರುಗಿಯೂ ನೋಡಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಎರ್ವಿನ್ ಮತ್ತೆ ಮತ್ತೆ ಅವಳ ಕಡೆ ನೋಡುತ್ತಿದ್ದ. ವಿದ್ಯುತ್ ಕಂಬಳಿ ಮಡಿಸಿ ಹಿಂದಿನ ಸೀಟಿನಲ್ಲಿಟ್ಟಿದ್ದ. ಲಾಂಡ್ರಿಗೆ ಹಾಕಿ ತೊಳೆಸಿಕೊಡುತ್ತೇನೆಂದು ತಾನಾಗಿಯೇ ಹೇಳಿದ್ದ. ತಿರುವಿನಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಹೇಳಿಬಿಡು ಬರ್ನಿ. ಎಷ್ಟು ಹೊತ್ತು ಅಂತ ತಡ್ಕೋತೀಯ? ನಂಗೇ ಹಿಂಸೆ ಆಗ್ತಿದೆ."

"ಈಸ್ಟರ್‌ಗೆ ಇನ್ನೂ ಹದಿನಾರು ದಿನ ಇದೆ," ಎಂದಳು ಬರ್ನಡೀನ್. ಅವಳು ತುಂಬ ಸುಖವಾಗಿದ್ದಳು.

"ಆಮೇಲೆ?"

"ಪಟ್ಟಿ ಮಾಡ್ತಿದ್ದೀನಿ," ಎಂದಳು. "ಈ ಸಲ ಎರಡೂ ಮಗ್ಗುಲು ಖಾಲಿ ಇರೋ ಕಾಗದದ ಮೇಲೆ."